ಗಾಯದ ಬಕೆಟ್

ಬೀದಿಯವರೆಲ್ಲ ಅವಳನ್ನು ಬಕೆಟಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಇತ್ತು, ಆದರೆ ಅದನ್ನು ಬಳಸುವವರು ಯಾರೂ ಉಳಿದಿರಲಿಲ್ಲ. ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು, ಒಂದು ಹನಿ ತುಳುಕದ ಹಾಗೆ ಅವಳು ರಸ್ತೆ ದಾಟುವುದನ್ನು ನೋಡಿದವರಿಗೆ ಬೇರೆ ಹೆಸರು ಹೊಳೆಯುವುದೂ ಕಷ್ಟವಿತ್ತು. "ದಿನವಿಡೀ ಬಕೆಟ್ ಹಿಡಿದೂ ಯಾರಿಗೂ ಬಕೆಟ್ ಹಿಡಿಯದವಳು ಇವಳೊಬ್ಬಳೇ ನೋಡ್ರಪ್ಪ" ಎಂದು ಎದುರುಮನೆಯ ದರ್ಜಿ ನಗುತ್ತಿದ್ದ. ಆ ಕೆಲಸಕ್ಕೆ ಅವಳ ಮನೆಯಲ್ಲೇ ಬೇರೆಯವರಿದ್ದರು. ಅವರ ವಿಷಯಕ್ಕೆ ಬರೋಣ, ಅವಸರವಿಲ್ಲ.

ಅವಳ ಕಸುಬು ಮೀನು ಸಾಕುವುದು. ತಿನ್ನುವ ಮೀನಲ್ಲ, ನೋಡುವ ಮೀನು. ಮನೆಯ ಹಿಂದೆ ಸಿಮೆಂಟಿನ ತೊಟ್ಟಿಗಳು, ಅವುಗಳಾಚೆ ಗೋಡೆಗೆ ತಾಗಿಕೊಂಡು ಅಪ್ಪ ಕಟ್ಟಿಸಿದ ದೊಡ್ಡ ಕೊಳ. ಕೊಳದಲ್ಲಿ ಬಣ್ಣದ ಗೆಂಡೆ ಮೀನುಗಳು: ಕಿತ್ತಳೆಯವು, ಬಿಳಿಯವು, ಬಿಳಿಯ ಮೇಲೆ ಶಾಯಿ ಚೆಲ್ಲಿಕೊಂಡಂಥವು. ಅವುಗಳ ಮರಿಗಳು ಹಲ್ಲಿನ ಡಾಕ್ಟರ ಕಾಯುವ ಕೋಣೆಗೂ ಬ್ಯಾಂಕಿನ ಹಜಾರಕ್ಕೂ ಹೋಗಿ ಗಾಜಿನ ಪೆಟ್ಟಿಗೆಯಲ್ಲಿ ಸುತ್ತುತ್ತಿದ್ದವು. ಬಕೆಟ್ಟುಗಳಲ್ಲಿ ಒಂದು ನೀಲಿ, ಒಂದು ಕೆಂಪು. ನೀಲಿಯದು ಎಲ್ಲದಕ್ಕೂ ಆಗುತ್ತಿತ್ತು. ಕೆಂಪಿನದು ಗಾಯದ ಬಕೆಟ್.

ಆ ಬಕೆಟ್ಟಿನ ಕಾಯಿದೆ ಅಪ್ಪನದು. ಮೀನಿಗೆ ಗೀರು ಬಿತ್ತೋ, ರೆಕ್ಕೆ ಹರಿಯಿತೋ, ಮರುಮಾತಿಲ್ಲದೆ ಅದು ಕೆಂಪು ಬಕೆಟ್ಟಿಗೆ. ಅದರ ನೀರು ಚರಂಡಿಗೇ ಹೊರತು ತೊಟ್ಟಿಗಲ್ಲ. ಗಾಯದ ಮೀನು ಮುಟ್ಟಿದ ಕೈ ಆ ದಿನ ಕೊಳಕ್ಕೆ ಇಳಿಯುವಂತಿಲ್ಲ. ಚಿಕ್ಕವಳಿದ್ದಾಗ ಅವಳು ಒಮ್ಮೆ ಇದನ್ನು ಮುರಿದಿದ್ದಳು. ಬರಿಗೈಯಲ್ಲಿ ಮರಿಮೀನು ಹಿಡಿಯಲು ಹೋಗಿ, ಅದು ಕಲ್ಲಿನ ಅಂಚಿಗೆ ಉಜ್ಜಿ ಪಕ್ಕೆಯ ಚರ್ಮ ಸುಲಿದಿತ್ತು. ಹೆದರಿ ಮತ್ತೆ ಕೊಳಕ್ಕೇ ಬಿಟ್ಟಳು. ರಕ್ತ ಕೂಡ ಕಾಣಲಿಲ್ಲ. ಆದರೆ ಮೇಲೆ ಬಾಯಿ ತೆರೆದು ತಿಂಡಿಗೆ ಕಾಯುತ್ತಿದ್ದ ಮೀನುಗಳೆಲ್ಲ ಯಾರೋ ಗದರಿದ ಹಾಗೆ ತಳ ಸೇರಿ, ಒಂದಕ್ಕೊಂದು ಅಂಟಿಕೊಂಡು, ರೆಪ್ಪೆಯಿಲ್ಲದ ಕಣ್ಣು ಬಿಟ್ಟುಕೊಂಡು ನಿಂತುಬಿಟ್ಟವು. ಸಂಜೆಯಾದರೂ ಮೇಲೆ ಬರಲಿಲ್ಲ.

"ಯಾರು ಹೇಳಿದ್ರಪ್ಪ ಅವಕ್ಕೆ?" ಎಂದು ಕೇಳಿದ್ದಳು.

"ಚರ್ಮ ಹೇಳ್ತು ಕಣಮ್ಮ. ಮೀನಿಗೆ ಬಾಯಿಂದ ಕೂಗೋಕಾಗಲ್ಲ. ಚರ್ಮ ಹರಿದ್ರೆ ಅದರೊಳಗಿಂದ ಏನೋ ಒಂದು ನೀರಿಗೆ ಬಿಟ್ಕೊಳ್ಳುತ್ತೆ. ನಮ್ಮ ಮೂಗಿಗೆ ಗೊತ್ತಾಗಲ್ಲ, ಅವುಗಳ ಮೂಗಿಗೆ ಅದೇ ಕೂಗು. 'ಇಲ್ಲಿ ಕೊಲ್ಲೋರಿದ್ದಾರೆ, ಓಡಿ' ಅಂತ. ಆ ಹೊತ್ತಲ್ಲಿ ನೀರಲ್ಲಿ ಬೇರೆ ಹೊಸ ವಾಸನೆ ಏನಿದ್ರೂ ಅದನ್ನೂ ಗುರುತಿಟ್ಕೊಳ್ತವೆ. ಕಳ್ಳನ ಜೊತೆ ಕಳ್ಳನ ಚಪ್ಪಲೀನೂ ನೆನಪಿಟ್ಕೊಂಡ ಹಾಗೆ."

ಅದು ಬರೀ ಮಾತಾಗಿರಲಿಲ್ಲ. ಒಂದು ಸಲ ಅಪ್ಪ ತಂದ ಹೊಸ ಬಲೆಯಲ್ಲಿ ಟಾರಿನ ವಾಸನೆ ಇತ್ತು, ಮೊದಲ ದಿನವೇ ಅದಕ್ಕೆ ಸಿಕ್ಕಿ ಮೀನೊಂದರ ಚರ್ಮ ಹರಿಯಿತು. ಆಮೇಲೆ ಆ ಬಲೆಯನ್ನು ಒಗೆದರೂ, ಒಣಗಿಸಿದರೂ, ನೀರಿಗೆ ತಾಗಿಸಿದ ಕೂಡಲೇ ಕೊಳ ಖಾಲಿಯಾದಂತೆ ಕಾಣುತ್ತಿತ್ತು. ಮರುವರ್ಷ ಹುಟ್ಟಿದ ಮರಿಗಳು, ಆ ಗಾಯವನ್ನು ಕಂಡೇ ಇಲ್ಲದವು, ದೊಡ್ಡವು ಓಡಿದ್ದನ್ನು ನೋಡಿ ತಾವೂ ಓಡುವುದನ್ನು ಕಲಿತವು. ಅಪ್ಪ ಸೋತು ಆ ಬಲೆಯನ್ನು ಕುಂಬಳದ ಬಳ್ಳಿಗೆ ಹಂದರ ಮಾಡಿದ.

ಕೊಳದಲ್ಲಿ ಎಲ್ಲಕ್ಕಿಂತ ಹಿರಿಯದು ಅಜ್ಜಿ. ಅಪ್ಪನ ಮದುವೆಗೂ ಮುಂಚಿನಿಂದ ಇದ್ದ ಹೆಣ್ಣು ಗೆಂಡೆ, ಹೊನ್ನಿನ ಬಣ್ಣದ ಬೆನ್ನು, ಒಂದು ಮೀಸೆ ತುಂಡು. ಕೊಳದ ಅರ್ಧ ಸಂಸಾರ ಅದರದೇ. ಬಕೆಟಮ್ಮ ನೀರಿಗೆ ಕೈ ಇಳಿಸಿದರೆ ಅಜ್ಜಿ ಮೊದಲು ಬಂದು, ಬೊಚ್ಚುಬಾಯಿಯ ಮುದುಕಿ ಬೆರಳು ಚೀಪುವ ಹಾಗೆ ಚೀಪುತ್ತಿತ್ತು. ಉಳಿದವು ಸರದಿಯಲ್ಲಿ ನಿಲ್ಲುತ್ತಿದ್ದವು. ಮದುವೆ ಬೇಡವೆಂದು ಕುಳಿತ ಈ ಹೆಂಗಸಿಗೆ ದಿನದಲ್ಲಿ ಯಾರಾದರೂ ಮೈಮುಟ್ಟುವುದಿದ್ದರೆ ಅದು ಆ ಹೊತ್ತಿನಲ್ಲಿ ಮಾತ್ರ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೂ ಅಲ್ಲ.

ಈಗ ಆ ಬೇರೆಯವರು. ಅಪ್ಪ ಹೋದ ಮೇಲೆ ಅಕ್ಕ ಮತ್ತು ಭಾವ ಈ ಮನೆಗೆ ಬಂದರು. "ಒಂಟಿ ಹೆಂಗಸು, ನೋಡ್ಕೊಳ್ಳೋರು ಬೇಡ್ವಾ?" ಎಂದ ಭಾವ. ನೋಡಿಕೊಂಡದ್ದು ಯಾರು ಯಾರನ್ನು ಎಂಬುದು ಬೀದಿಗೆಲ್ಲ ಗೊತ್ತಿತ್ತು. ಮನೆ ಇಬ್ಬರು ಹೆಣ್ಣುಮಕ್ಕಳದು. ಆದರೆ ಅಕ್ಕನ ಬಾಯಿ ಮದುವೆಯ ದಿನದಿಂದಲೇ ಭಾವನ ಕೈಯಲ್ಲಿತ್ತು. ಭಾವ ದೊಡ್ಡ ಹೋಟೆಲೊಂದರ ಉಗ್ರಾಣದಲ್ಲಿ ಕೆಲಸಕ್ಕಿದ್ದ. ಮೇಲಿನವರು ಕೆಮ್ಮಿದರೆ ಇವನು ನೀರು ತರುತ್ತಿದ್ದ, ಸೀನಿದರೆ ಕರವಸ್ತ್ರ ಚಾಚುತ್ತಿದ್ದ. ಹೋಟೆಲಿನ ಹೊಸ ಹಜಾರದಲ್ಲಿ ಗಾಜಿನ ಕೊಳವೊಂದನ್ನು ಕಟ್ಟಿಸುತ್ತಿದ್ದಾರೆ, ಅತಿಥಿಗಳ ಕೈಯಿಂದ ತಿನ್ನುವ ಮೀನು ಬೇಕಂತೆ, ಅದನ್ನು ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕ ಬೇಕಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಭಾವನಿಗೆ ಮೀನಿನ ಮೇಲೆ ಇಲ್ಲದ ಪ್ರೀತಿ ಹುಟ್ಟಿತು. ಸಂಜೆ ಕೊಳದ ಬಳಿ ಬಂದು ಎರಡು ಸಲ ಕೈ ಅದ್ದಿದ. ಮೀನುಗಳಿಗೇನು, ತಿಂಡಿ ಹಿಡಿದ ಕೈ ಯಾರದಾದರೇನು, ಬಂದವು. "ನೋಡು, ನನ್ನ ಗುರುತು ಹಿಡಿದ್ವು" ಎಂದು ಬೀಗಿದ.

ಒಂದು ಮಧ್ಯಾಹ್ನ ಬಕೆಟಮ್ಮ ಹಲ್ಲಿನ ಡಾಕ್ಟರಲ್ಲಿಗೆ ಮರಿಗಳನ್ನು ಕೊಟ್ಟು ಮನೆಗೆ ಬಂದಾಗ ಬಾಗಿಲಲ್ಲೇ ಹುರಿದ ಮೀನಿನ ವಾಸನೆ ಬಡಿಯಿತು. ಒಳಗೆ ಹೋಟೆಲಿನ ಮ್ಯಾನೇಜರು ಕೈ ಒರೆಸಿಕೊಳ್ಳುತ್ತ ಕುಳಿತಿದ್ದರು. ಭಾವ ಹಲ್ಲುಕಡ್ಡಿ ಆಡಿಸುತ್ತ ನಗುತ್ತಿದ್ದ. ಅವಳು ನೇರ ಹಿತ್ತಲಿಗೆ ಹೋದಳು. ಕೊಳದಂಚಿನಲ್ಲಿ ಬಲೆ ಒದ್ದೆಯಾಗಿ ಬಿದ್ದಿತ್ತು. ಅಡುಗೆಮನೆಯ ಕಸದ ಡಬ್ಬಿಯ ಮುಚ್ಚಳ ತೆಗೆದಳು. ಹೊನ್ನಿನ ಬಣ್ಣದ ಚರ್ಮ, ಅಷ್ಟಗಲ, ಮಡಚಿ ತುರುಕಿದ್ದರು. ಪಕ್ಕದಲ್ಲಿ ಒಂದೇ ಮೀಸೆಯ ತಲೆ. ಒಲೆಯ ಮುಂದೆ ಅಕ್ಕ ಬೆನ್ನು ಹಾಕಿ ನಿಂತಿದ್ದಳು, ತಿರುಗಲಿಲ್ಲ.

ಮ್ಯಾನೇಜರು ಹೋಗುವವರೆಗೂ ಬಕೆಟಮ್ಮ ಹಿತ್ತಲಲ್ಲೇ ಕಾದಳು. ಆಮೇಲೆ ಕೇಳಿದಳು.

"ಅಜ್ಜೀನೇ ಆಗಬೇಕಿತ್ತಾ ಭಾವ?"

"ಅವರು ಕೊಳದ ಹತ್ರ ನಿಂತು, 'ಅಬ್ಬಾ, ಎಂಥಾ ಮೀನ್ರೀ, ಇದರ ರುಚಿ ಹೇಗಿರಬಹುದು' ಅಂದ್ರು. ಮನೆಗೆ ಬಂದೋರು ಬಾಯಿಬಿಟ್ಟು ಅಂದ್ಮೇಲೆ ಇಲ್ಲ ಅನ್ನೋಕಾಗುತ್ತಾ?"

"ಅದು ಅಪ್ಪನ ಮೀನು."

"ಮೀನು ಅಂದ್ರೆ ಮೀನಮ್ಮ. ಮುದಿ ಮೀನು, ಇವತ್ತಲ್ಲ ನಾಳೆ ತೇಲ್ತಿತ್ತು. ನಿಜ ಹೇಳಬೇಕಂದ್ರೆ ರಬ್ಬರ್ ಥರ ಇತ್ತು, ಪಾಪ ಅವರು ಮರ್ಯಾದೆಗೆ ತಿಂದ್ರು." ಅವನು ಹಲ್ಲಿನ ಸಂದಿಯಿಂದ ಏನನ್ನೋ ಕಿತ್ತು ಉಗಿದ. "ಇನ್ನೊಂದು ಮಾತು, ಹೋಟೆಲಿನ ಸಾಹುಕಾರರೇ ಮುಂದಿನ ತಿಂಗಳು ಬಂದು ನೋಡ್ತಾರಂತೆ. ನನ್ನ ಕೈಯಿಂದ ಮೀನು ತಿನ್ನೋದು ಕಂಡ್ರೆ ಕೆಲಸ ನಂದೇ. ಮೀನೆಲ್ಲ ಹೋಟೆಲಿಗೆ. ಈ ಕೊಳ ಮುಚ್ಚಿಸಿ ಕಾರು ನಿಲ್ಲಿಸೋಕೆ ಜಾಗ ಮಾಡೋಣ."

"ನಮ್ಮ ಹತ್ರ ಕಾರೆಲ್ಲಿದೆ?"

"ಜಾಗ ಆದ್ಮೇಲೆ ಬರುತ್ತೆ."

"ಅರ್ಧ ಮೀನು ನಂದು."

"ಆಯ್ತಮ್ಮ, ಯಾವ ಅರ್ಧ? ಬಾಲದ ಕಡೇದಾ, ತಲೆ ಕಡೇದಾ?" ಎಂದು ಅವನು ನಕ್ಕ. ತನ್ನ ಜೋಕಿಗೆ ತಾನೇ ನಕ್ಕು ಕೆಮ್ಮಿದ.

ಅವಳಿಗೆ ಅವನನ್ನು ಕೊಳಕ್ಕೆ ನೂಕಿ ತಲೆಯ ಮೇಲೆ ಕಾಲಿಟ್ಟು ನಿಲ್ಲಬೇಕು ಅನ್ನಿಸಿತು, ಸುಳ್ಳೇಕೆ ಹೇಳಲಿ. "ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ" ಎಂದು ಅವಳ ತಾಯಿ ಹೇಳುತ್ತಿದ್ದಳು. ಬಕೆಟಮ್ಮ ಆ ಮಾತನ್ನು ತನಗೆ ಬೇಕಾದಂತೆ ಅರ್ಥ ಮಾಡಿಕೊಂಡಳು: ಕೊಯ್ಯುವುದಾದರೆ ಶಾಂತವಾಗಿ ಕೊಯ್ಯಬೇಕು, ಅದೂ ಬೇರೆಯವರ ಮೂಗನ್ನು. ಕಸದ ಡಬ್ಬಿಯಿಂದ ಅಜ್ಜಿಯ ಚರ್ಮವನ್ನು ತೆಗೆದು, ತೊಳೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಕೆಳಗಿಟ್ಟಳು. ತಲೆಯನ್ನು ಮಾತ್ರ ಕುಂಬಳದ ಬುಡದಲ್ಲಿ ಹೂತಳು.

ಭಾವನಿಗೆ ಒಂದು ಷೋಕಿ ಇತ್ತು. ಕ್ಷೌರದ ನಂತರ ಹಸಿರು ಮುಚ್ಚಳದ ಬಾಟಲಿಯಿಂದ ಲೋಷನ್ ಸುರಿದುಕೊಂಡು ಕೆನ್ನೆ, ಕುತ್ತಿಗೆ, ಕೈಗಳಿಗೆಲ್ಲ ಬಡಿದುಕೊಳ್ಳುತ್ತಿದ್ದ. ಅವನು ಬರುವುದು ಬೀದಿಯ ತಿರುವಿನಲ್ಲೇ ಮೂಗಿಗೆ ತಿಳಿಯುತ್ತಿತ್ತು. ಬಕೆಟಮ್ಮ ಮೊದಲು ಯೋಚಿಸಿದ್ದು ಅವನ ಸಾಬೂನನ್ನು. ಆದರೆ ಸಾಬೂನು ಮನೆಗೆಲ್ಲ ಒಂದೇ, ಅಕ್ಕನ ಕೈಗೂ ಅದೇ. ಅಕ್ಕನಿಗೆ ಶಿಕ್ಷೆ ಬೇಡ. ಲೋಷನ್ ಅವನೊಬ್ಬನದೇ. ಇಷ್ಟೆಲ್ಲ ಅಚ್ಚುಕಟ್ಟಾಗಿ ಲೆಕ್ಕ ಹಾಕಿದ ತಲೆ ಅವಳದು, ಅದನ್ನು ನೆನಪಿಡಿ.

ಭಾವ ಕೆಲಸಕ್ಕೆ ಹೋಗಿ, ಅಕ್ಕ ಊಟದ ನಂತರ ಮಲಗಿದ ಮೇಲೆ ಅವಳ ಪಾಠಶಾಲೆ ತೆರೆಯುತ್ತಿತ್ತು. ಹೆಪ್ಪುಗಟ್ಟಿದ ಚರ್ಮದಿಂದ ಉಗುರಿನಷ್ಟು ಚೂರು ಕತ್ತರಿಸಿ, ಕಲ್ಲಿನ ಮೇಲೆ ಅರೆದು, ಲೋಷನ್ ತಾಗಿಸಿದ ಬಟ್ಟೆಯಲ್ಲಿ ಸುತ್ತಿ, ಕೊಳದ ಮೆಟ್ಟಿಲ ಮೇಲೆ ಕುಳಿತು ಮೊಣಕೈವರೆಗೂ ನೀರಿಗಿಳಿಸಿ ಹಿಂಡುತ್ತಿದ್ದಳು. ಬಟ್ಟೆಯನ್ನು ಕೋಲಿಗೆ ಕಟ್ಟಿ ಅದ್ದಬಹುದಿತ್ತು. ಅದ್ದಲಿಲ್ಲ. ಅಜ್ಜಿ ಚೀಪಿದ ಕೈಯಿಂದಲೇ ಅಜ್ಜಿಯ ಕೂಗನ್ನು ಬಿಡುಗಡೆ ಮಾಡಬೇಕು ಅನ್ನುವ ಹಟ. ಹಿಂಡಿದ ಕ್ಷಣ ಕೊಳವೆಲ್ಲ ಕೆಳಗಿಳಿಯುತ್ತಿತ್ತು. ಬಣ್ಣಗಳೆಲ್ಲ ತಳದಲ್ಲಿ ಒಂದು ಮುದ್ದೆಯಾಗಿ ನಿಲ್ಲುತ್ತಿದ್ದವು. "ಕೇಳಿಸ್ಕೊಳ್ಳಿ," ಎಂದು ಅವಳು ಪಿಸುಗುಡುತ್ತಿದ್ದಳು, "ನಿಮ್ಮಜ್ಜಿ ಹೇಳ್ತಾ ಇದ್ದಾಳೆ. ಕೊಂದೋನ ವಾಸನೆ ಇದು. ಮರೀಬೇಡಿ."

ಅಜ್ಜಿ ಹೋದ ಮೇಲೆ ಅವಳು ಮೀನಿಗೆ ಕೈಯಿಂದ ತಿನ್ನಿಸುವುದನ್ನು ಬಿಟ್ಟಿದ್ದಳು. ಬೆಳಗ್ಗೆ ಆಚೆ ದಂಡೆಯಿಂದ ಚೊಂಬಿನಲ್ಲಿ ತಿಂಡಿ ಎರಚಿ ಬಂದುಬಿಡುತ್ತಿದ್ದಳು. ಅಜ್ಜಿಯಿಲ್ಲದ ನೀರಿಗೆ ಸುಮ್ಮನೆ ಕೈ ಇಳಿಸಲು ಮನಸ್ಸು ಒಪ್ಪುತ್ತಿರಲಿಲ್ಲ. ಭಾವನ ಮಾನ ಕಳೆದ ಮಾರನೆಯ ಬೆಳಗ್ಗೆ ಇಳಿಸುತ್ತೇನೆ, ಅಲ್ಲಿವರೆಗೆ ಇಲ್ಲ ಎಂದು ಶಪಥದಂತೆ ಇಟ್ಟುಕೊಂಡಳು. ಆ ಬೆಳಗ್ಗೆಯನ್ನು ನೆನೆದುಕೊಂಡೇ ಅವಳಿಗೆ ನಿದ್ದೆ ಹತ್ತುತ್ತಿತ್ತು.

ಅಕ್ಕ ಒಮ್ಮೆ ಫ್ರೀಜರಿನ ಚೀಲವನ್ನು ಕೈಯಲ್ಲಿ ಹಿಡಿದು ಕೇಳಿದಳು: "ಇದೇನೇ ಇದು, ಬಟಾಣಿ ಕೆಳಗೆ?"

"ಗಿಡಕ್ಕೆ ಗೊಬ್ಬರ."

"ಗೊಬ್ಬರಾನ ಫ್ರಿಜ್ಜಲ್ಲಿ ಇಡ್ತಾರಾ ಯಾರಾದ್ರೂ?"

"ಹೊರಗಿಟ್ರೆ ಬೆಕ್ಕು ಬಿಡಲ್ಲ ಅಕ್ಕ."

ಅಕ್ಕ ಚೀಲವನ್ನು ಇದ್ದಲ್ಲೇ ಇಟ್ಟಳು. ಮ್ಯಾನೇಜರಿಗೆ ಬಡಿಸಿದ ಆ ಊಟದ ನಂತರ ಅಕ್ಕ ತಂಗಿಯ ಕಣ್ಣು ನೋಡಿ ಮಾತಾಡಿದ್ದೇ ಕಡಿಮೆ. ಬಕೆಟಮ್ಮ ಅದನ್ನು ಗಂಡನ ಪರವಾದ ನಾಚಿಕೆ ಎಂದುಕೊಂಡಿದ್ದಳು.

ಸಾಹುಕಾರರು ಬರುವ ಮುನ್ನಾ ದಿನ ಅವಳು ಪರೀಕ್ಷೆ ಇಟ್ಟಳು. ಚರ್ಮ ಹಾಕಲಿಲ್ಲ. ಉದ್ದನೆಯ ಸೌಟಿನಿಂದ ಬರೀ ಲೋಷನ್ನಿನ ಒಂದೆರಡು ಹನಿ ಕೊಳದ ಮಧ್ಯಕ್ಕೆ ಬಿಟ್ಟಳು. ಬಿಸಿಲು ಕಾಯಿಸುತ್ತ ತೇಲುತ್ತಿದ್ದ ಮೀನುಗಳು ಪಟ್ಟನೆ ತಲೆ ತಗ್ಗಿಸಿ ತಳಕ್ಕೆ ಧುಮುಕಿದವು. ಒಂದೂ ಉಳಿಯಲಿಲ್ಲ. ಬಕೆಟಮ್ಮ ಸೌಟು ಹಿಡಿದುಕೊಂಡೇ ನಕ್ಕಳು, ಎಷ್ಟೋ ದಿನದ ಮೇಲೆ. ಅವಳ ಮುಖಕ್ಕೆ ಆ ನಗು ಒಪ್ಪುತ್ತಿತ್ತು ಎಂದು ನಾನು ಹೇಳಿದರೆ ನೀವು ನನ್ನನ್ನು ಬೈಯಬಾರದು.

ಸಾಹುಕಾರರು ಬಂದದ್ದು ಒಂದು ಭಾನುವಾರ, ಹೆಂಡತಿ ಮತ್ತು ಅದೇ ಮ್ಯಾನೇಜರ ಜೊತೆ. ಕೊಳದ ಸುತ್ತ ಕುರ್ಚಿ ಹಾಕಿದ್ದರು. ದರ್ಜಿಯೂ ಅಕ್ಕಪಕ್ಕದವರೂ ಗೋಡೆಯ ಮೇಲಿಂದ ಇಣುಕುತ್ತಿದ್ದರು, ಭಾವನೇ ಎಲ್ಲರಿಗೂ ಹೇಳಿ ಕರೆಸಿದ್ದ. ಹೊಸ ಅಂಗಿ, ನುಣ್ಣಗೆ ಬೋಳಿಸಿದ ಗದ್ದ. ಗಡಿಬಿಡಿಯಲ್ಲಿ ದಿನಕ್ಕಿಂತ ಎರಡು ಪಾಲು ಲೋಷನ್ ಬಡಿದುಕೊಂಡಿದ್ದ. ಬಕೆಟಮ್ಮ ಕೆಂಪು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದಳು. ಅಕ್ಕ ಬಾಗಿಲ ಮರೆಯಲ್ಲಿದ್ದಳು.

"ಸರ್, ಇವು ನನ್ನ ಮಕ್ಕಳಿದ್ದ ಹಾಗೆ," ಎಂದ ಭಾವ. "ನನ್ನ ನೆರಳು ಬಿದ್ರೆ ಸಾಕು, ಓಡಿ ಬರ್ತವೆ."

ತೋಳು ಮಡಚಿ, ಅಂಗೈಯಲ್ಲಿ ತಿಂಡಿ ಹಿಡಿದು, ನೀರಿಗೆ ಕೈ ಇಳಿಸಿದ.

ಮೇಲೆ ಸುತ್ತುತ್ತಿದ್ದ ಮೀನುಗಳು ಒಂದು ಗಳಿಗೆ ಅವನತ್ತಲೇ ಬಂದವು. ಭಾವನ ಮುಖ ಅರಳಿತು. ಆಮೇಲೆ ಮುಂದಿನ ದೊಡ್ಡ ಬಿಳಿ ಮೀನು ಗೋಡೆಗೆ ಬಡಿದಂತೆ ತಿರುಗಿತು, ಬಾಲ ನೀರು ಚಿಮ್ಮಿಸಿತು, ಅದರ ಹಿಂದೆ ಎಲ್ಲವೂ. ಕಣ್ಣು ಮಿಟುಕಿಸುವಷ್ಟರಲ್ಲಿ ಕೊಳದಲ್ಲಿ ಭಾವನ ಕೈ ಮತ್ತು ತೇಲುವ ತಿಂಡಿ ಬಿಟ್ಟರೆ ಏನೂ ಇರಲಿಲ್ಲ.

"ಜನ ಜಾಸ್ತಿ ಆಯ್ತಲ್ಲ, ನಾಚ್ಕೋತಾ ಇವೆ," ಎಂದ ಭಾವ.

ಕಾದರು. ಸಾಹುಕಾರರ ಹೆಂಡತಿ ಕೊಡೆ ಬಿಚ್ಚಿದರು. ಭಾವ ಬಾಯಲ್ಲಿ ಚ್ಚ್ ಚ್ಚ್ ಎಂದು ನಾಯಿಮರಿ ಕರೆಯುವಂತೆ ಕರೆದ. ಇನ್ನೊಂದು ಕೈಯನ್ನೂ ಅದ್ದಿದ. ತಳದ ಮುದ್ದೆ ಇನ್ನಷ್ಟು ಮೂಲೆಗೆ ಸರಿಯಿತು. ಗೋಡೆಯ ಮೇಲಿಂದ ದರ್ಜಿ, "ಮಕ್ಕಳು ಅಪ್ಪನ್ನ ಕಂಡ್ರೆ ಹೆದರ್ತವೆ ಕಣ್ರೀ, ಸಹಜ" ಎಂದ. ಯಾರೋ ಕಿಸಕ್ಕೆಂದರು.

ಅಲ್ಲಿಗೆ ಬಿಟ್ಟಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. ಆದರೆ ಭಾವ ಪ್ಯಾಂಟನ್ನು ಮಂಡಿಯವರೆಗೆ ಮಡಚಿ ಕೊಳಕ್ಕೇ ಇಳಿದ. ಮೀನುಗಳನ್ನು ಮೂಲೆಯಿಂದ ಎಬ್ಬಿಸಲು ಬಗ್ಗಿದ. ಅವು ಅವನ ಕಾಲುಗಳ ನಡುವೆ ಬಾಣದಂತೆ ನುಗ್ಗಿ ಇನ್ನೊಂದು ಮೂಲೆ ಸೇರಿದವು. ಪಾಚಿಯ ಮೇಲೆ ಕಾಲು ಜಾರಿತು. ಹೊಸ ಅಂಗಿ ಸಮೇತ ಅವನು ಕುತ್ತಿಗೆವರೆಗೆ ಕುಳಿತ. ಲೋಷನ್ನಿನ ವಾಸನೆಯೆಲ್ಲ ನೀರಿಗಿಳಿದಿರಬೇಕು. ಕೊಳ ಕುದಿಯುವ ನೀರಿನಂತೆ ತಳಮಳಿಸಿತು, ಒಂದೆರಡು ಮೀನು ನೆಗೆದು ದಂಡೆಗೇ ಬಿದ್ದವು. ಬಕೆಟಮ್ಮ ಎದ್ದು, ಒದ್ದೆ ಬಟ್ಟೆಯಲ್ಲಿ ಅವನ್ನು ಎತ್ತಿ ತೊಟ್ಟಿಗೆ ಬಿಟ್ಟಳು. ಭಾವನಿಗೆ ಕೈ ಚಾಚಲಿಲ್ಲ.

ಸಾಹುಕಾರರು ಎದ್ದರು. "ಏನ್ರೀ, ನನ್ನ ಹೋಟೆಲಿನಲ್ಲಿ ಜನಕ್ಕೆ ಖಾಲಿ ನೀರು ತೋರಿಸ್ಲಾ?" ಎಂದರು. ಆಮೇಲೆ ಮ್ಯಾನೇಜರ ಕಡೆ ತಿರುಗಿ, "ಇವರ ಮೀನು ಪಳಗಿದೆ ಅಂತ ನೀವು ಏನು ನೋಡಿ ಹೇಳಿದ್ರಿ?" ಎಂದು ಕೇಳಿದರು. ಮ್ಯಾನೇಜರು ಏನು ತಿಂದು ಹೇಳಿದರೆಂದು ಹೇಳುವಂತಿರಲಿಲ್ಲ.

ಆಗ ಬಕೆಟಮ್ಮ ಬಾಯಿ ತೆರೆದಳು. "ಒಂದು ಮೀನು ಚೆನ್ನಾಗಿ ಪಳಗಿತ್ತು ಸರ್. ಅದನ್ನ ಇವರು ಹುರಿದು ಬಡಿಸಿಬಿಟ್ರು. ಉಳಿದವಕ್ಕೆ ಸುದ್ದಿ ಮುಟ್ಟಿದೆ."

ಎಲ್ಲರೂ ಜೋಕೆಂದು ನಕ್ಕರು. ಮ್ಯಾನೇಜರು ನಗಲಿಲ್ಲ. ಭಾವನೂ ನಗಲಿಲ್ಲ, ನೀರಿನಲ್ಲಿ ಕುಳಿತೇ ನಾದಿನಿಯ ಮುಖ ನೋಡಿದ. ಏನೋ ನಡೆದಿದೆ ಎಂದು ಅವನಿಗೆ ಅರ್ಥವಾಯಿತು, ಏನು ಎಂದು ಅರ್ಥವಾಗಲಿಲ್ಲ. ಸೇಡಿನ ರುಚಿ ಇರುವುದೇ ಅಲ್ಲಿ. ಬಕೆಟಮ್ಮ ಅದನ್ನು ಚಪ್ಪರಿಸಿದಳು. ಅಂದಿನಿಂದ ಬೀದಿಯಲ್ಲಿ ಭಾವನ ಹೆಸರು 'ಖಾಲಿ ನೀರು' ಎಂದಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಇಲ್ಲಿ ಹೋದದ್ದು ಗೆಂಡೆಗೆ. ಮೇಲ್ವಿಚಾರಕನ ಮಾತು ಅಲ್ಲಿಗೆ ಮುಗಿಯಿತು, ಕೊಳ ಮುಚ್ಚುವ ಮಾತನ್ನೂ ಅವನು ಮತ್ತೆ ಎತ್ತಲಿಲ್ಲ. ಹಿತ್ತಲ ಕಡೆ ತಲೆ ಹಾಕುವುದನ್ನೇ ಬಿಟ್ಟ.

ಮಾರನೆಯ ಬೆಳಗ್ಗೆ ಅವಳು ತಲೆ ಬಾಚಿಕೊಂಡು ಕೊಳಕ್ಕೆ ಹೋದಳು. ನೀರು ಬದಲಾಯಿಸಿ ಆಗಿತ್ತು. ಮೀನುಗಳು ಮೇಲೆ ಬಂದು ಬಾಯಿ ಆಡಿಸುತ್ತಿದ್ದವು. ಕೈಯನ್ನು ಬಿಸಿನೀರಿನಲ್ಲಿ ತೊಳೆದುಕೊಂಡು ಬಂದಿದ್ದಳು. ಮೆಟ್ಟಿಲ ಮೇಲೆ ಕುಳಿತು, ಅಂಗೈಯಲ್ಲಿ ತಿಂಡಿ ಇಟ್ಟು, ಮೆಲ್ಲನೆ ಇಳಿಸಿದಳು.

ಬಿಳಿ ಮೀನು ಹತ್ತಿರ ಬಂತು. ಬೆರಳ ತುದಿಯ ಹತ್ತಿರ ತಡೆಯಿತು. ತಲೆ ತಗ್ಗಿಸಿತು. ಆಮೇಲೆ ಎಲ್ಲವೂ ತಳಕ್ಕೆ ಹೋದವು.

ಲೋಷನ್ ಇನ್ನೂ ನೀರಿನಲ್ಲಿ ಉಳಿದಿರಬೇಕು ಎಂದುಕೊಂಡಳು. ಮಧ್ಯಾಹ್ನ ಬಂದಳು, ಸಂಜೆ ಬಂದಳು. ಆಚೆ ದಂಡೆಯಿಂದ ಎಡಗೈ ಇಳಿಸಿದಳು. ವಾರ ಬಿಟ್ಟು ಬಂದಳು. ಬೇರೆ ತೊಟ್ಟಿಯ ಮೀನುಗಳು ಅವಳ ಬೆರಳನ್ನು ಚೀಪಿದವು, ಕೊಳದವು ಮಾತ್ರ ಅವಳ ಕೈ ನೀರು ಮುಟ್ಟಿದ ಕೂಡಲೇ ಕಾಣೆಯಾದವು. ಅವಳಿಗೆ ತಿಳಿದುಹೋಯಿತು. ಅಜ್ಜಿಯ ಚರ್ಮ ಕೂಗಿದಾಗಲೆಲ್ಲ ನೀರಿನಲ್ಲಿ ಲೋಷನ್ನಿನ ಜೊತೆ ಇದ್ದದ್ದು ಯಾವ ಕೈ? ಭಾವನ ಕೈ ಒಂದು ದಿನವೂ ಇರಲಿಲ್ಲ. ಗಾಯ ಮುಟ್ಟಿದ ಕೈ ಕೊಳಕ್ಕೆ ಇಳಿಯಬಾರದು ಎಂದು ಅಪ್ಪ ಹೇಳಿದ್ದ, ಅವಳು ಬೇರೆಯವರಿಗೆಲ್ಲ ಹೇಳುತ್ತಿದ್ದಳು, ತನಗೆ ಹೇಳಿಕೊಳ್ಳಲು ಮರೆತಿದ್ದಳು. ಕೊಳದ ಪಾಲಿಗೆ ಕೊಂದವಳು ಅವಳೇ.

ಮೆಟ್ಟಿಲ ಮೇಲೆ ಹಾಗೇ ಕುಳಿತಿದ್ದಾಗ ಹಿಂದಿನಿಂದ ಅಕ್ಕ ಬಂದಳು. ಮದುವೆಗೆ ಮುಂಚೆಯೂ ಕೊಳದ ಬಳಿ ಬರಲು ಹೆದರುತ್ತಿದ್ದವಳು. ಪಕ್ಕದಲ್ಲಿ ಕುಳಿತಳು.

"ಒಂದು ಮಾತು ಹೇಳ್ಲೇನೇ? ಹೊಟ್ಟೇಲಿ ಇಟ್ಕೊಂಡು ಸಾಕಾಗಿದೆ."

"ಹೇಳಕ್ಕ."

"ಅಜ್ಜೀನ ಕೊಯ್ದಿದ್ದು ಇವರಲ್ಲ. ನಾನು."

ಬಕೆಟಮ್ಮ ತಿಂಡಿಯ ಬಟ್ಟಲನ್ನು ಪಕ್ಕಕ್ಕಿಟ್ಟಳು.

"ಇವರು ಬಲೇಲಿ ಎತ್ತಿದ್ರು, ಅಷ್ಟೇ. ಚಾಕು ಹಿಡಿದ್ರು, ನನ್ನಿಂದಾಗಲ್ಲ ಅಂತ ಬಿಟ್ಬಿಟ್ರು. ಅದು ನೆಲದ ಮೇಲೆ ಒದ್ದಾಡ್ತಾ ಇತ್ತು. ಮ್ಯಾನೇಜರು ಹೊರಗೆ ಕೂತಿದಾರೆ, ಬೇಗ ಅಂದ್ರು. ನಾನೇ ತಲೆ ಹಿಡಿದು... ಇವರು ಹೇಳಿದ್ರು ಅಂತ ಮಾಡ್ದೆ. ಬೇಡ ಅನ್ಬಹುದಿತ್ತು. ಅನ್ನಲಿಲ್ಲ." ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದರ ಮುಂದೆ ತಪ್ಪಾಯ್ತು ಅನ್ನೋಣ ಅಂದ್ರೆ ಅದೇ ಇಲ್ಲ. ಇವಕ್ಕಾದ್ರೂ ಹೇಳ್ತೀನಿ."

ಎಂದವಳೇ, ತಂಗಿ ತಡೆಯುವ ಮೊದಲು, ಬಟ್ಟಲಿನಿಂದ ತಿಂಡಿ ತೆಗೆದುಕೊಂಡು ಕೈಯನ್ನು ನೀರಿಗೆ ಹಾಕಿದಳು.

ಮೀನುಗಳು ಬಂದವು. ಬಿಳಿಯದು ಮೊದಲು, ಅದರ ಹಿಂದೆ ಕಿತ್ತಳೆಯವು, ಶಾಯಿ ಚೆಲ್ಲಿದವು, ಎಲ್ಲವೂ. ಅಕ್ಕನ ಅಂಗೈ ಖಾಲಿ ಮಾಡಿ, ಬೆರಳು ಬೆರಳನ್ನೂ ಚೀಪಿದವು. ಅಕ್ಕ ಅಳುತ್ತಿದ್ದವಳು ಕಚಗುಳಿಯಾಗಿ ನಕ್ಕಳು. "ಅಯ್ಯೋ, ನೋಡೇ! ಕ್ಷಮಿಸಿಬಿಟ್ವು ಕಣೇ! ನೀನೂ ಕೈ ಹಾಕು ಬಾ."

"ಬೇಡ," ಎಂದಳು ಬಕೆಟಮ್ಮ. "ನೀನು ಹಾಕು."

ಕ್ಷಮೆಯೂ ಇಲ್ಲ, ಮಣ್ಣೂ ಇಲ್ಲ; ಅಜ್ಜಿಯನ್ನು ಕೊಯ್ದ ಕೈ ಆ ನೀರಿಗೆ ಇಳಿದಿರಲಿಲ್ಲ, ಅಷ್ಟೇ. ಅದನ್ನು ಅಕ್ಕನಿಗೆ ಬಿಡಿಸಿ ಹೇಳಲು ಹೋದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಅವಳು ಎದ್ದು ಒಳಗೆ ಹೋದಳು.

ಈಗ ಕೊಳಕ್ಕೆ ದಿನವೂ ತಿನ್ನಿಸುವುದು ಅಕ್ಕ. ಎರಡು ಹೊತ್ತೂ ಹೋಗಿ ಕೂರುತ್ತಾಳೆ, ಮೀನುಗಳ ಜೊತೆ ಮಾತಾಡುತ್ತಾಳೆ, ಗಂಡನ ಮೇಲಿನ ದೂರನ್ನೂ ಅವಕ್ಕೇ ಹೇಳುತ್ತಾಳೆ. ಅವಳ ಮುಖದಲ್ಲಿ ಗೆಲುವು ಬಂದಿದೆ. ಬೀದಿಯವರು ಅವಳಿಗೆ ಮೀನಕ್ಕ ಎಂದು ಹೆಸರಿಟ್ಟಿದ್ದಾರೆ. ಈ ವರ್ಷ ಕೊಳದಲ್ಲಿ ಮರಿಗಳಾದವು. ಅಜ್ಜಿಯನ್ನು ಕಾಣದ, ಅವಳ ಕೂಗನ್ನು ಕೇಳದ ಮರಿಗಳು. ಬಕೆಟಮ್ಮ ಯಾರೂ ಇಲ್ಲದಾಗ ಒಂದು ಬೆರಳು ಇಳಿಸಿ ನೋಡಿದಳು. ದೊಡ್ಡವು ತಳಕ್ಕೆ ಹೋದವು. ಮರಿಗಳು ಅವುಗಳ ಹಿಂದೆ ಹೋದವು.

ಮೊನ್ನೆ ಅಕ್ಕ ಫ್ರಿಜ್ ತೊಳೆಯುತ್ತ ಕೂಗಿ ಕೇಳಿದಳು: "ಲೇ, ಬಟಾಣಿ ಕೆಳಗೆ ನಿನ್ನ ಗೊಬ್ಬರದ ಚೀಲ ಇನ್ನೂ ಇದೆಯಲ್ಲೇ. ಸ್ವಲ್ಪವೇ ಉಳಿದಿದೆ. ಎಸೆದುಬಿಡ್ಲಾ?"

ಬಕೆಟಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅಕ್ಕನ ಕೈಗಳನ್ನು ನೋಡಿದಳು. ಈರುಳ್ಳಿ ಹೆಚ್ಚಿ, ಮನೆಗೆಲ್ಲ ಒಂದೇ ಆದ ಆ ಸಾಬೂನಿನಲ್ಲಿ ತೊಳೆದ ಕೈ. ಇನ್ನು ಸ್ವಲ್ಪ ಹೊತ್ತಿಗೆ ಕೊಳಕ್ಕಿಳಿಯುವ ಕೈ.

"ಇರಲಿ ಬಿಡಕ್ಕ," ಎಂದಳು. "ಬೇಕಾಗಬಹುದು."